ರಾಕ್ ಸಂಗೀತದ ಚರಿತ್ರೆಯನ್ನು ರೇಡಿಯೊದಲ್ಲಿ ಕೇಳಿ ಕಲಿತವರು ಇಲ್ಲಿ ಯಾರಾದರೂ ಇದ್ದೀರಾ?

ರೈಲುಕಿವಿ

ಹನ್ನೊಂದು ವರ್ಷಗಳಿಂದ ಮೈಸೂರು–ಬೆಂಗಳೂರು ರೈಲಿನಲ್ಲಿ ಓಡಾಡುತ್ತಿದ್ದೇನೆ. ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ ಗಂಟೆ. ಪಕ್ಕದವರು ಇಸ್ಪೀಟು ಆಡುತ್ತಾರೆ, ಎದುರಿನವರು ನಿದ್ದೆ ಮಾಡುತ್ತಾರೆ, ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತೇನೆ. ಈ ಮಳೆಗಾಲದಲ್ಲಿ ಕೇಳಿದ್ದನ್ನು ಯಾರಿಗಾದರೂ ಹೇಳದೆ ಇರಲಾಗುತ್ತಿಲ್ಲ.

ನನಗೆ ರಾಕ್ ಪರಿಚಯವಾದದ್ದು ಹಾಸ್ಟೆಲ್ಲಿನ ಸ್ನೇಹಿತನೊಬ್ಬ ನಕಲು ಮಾಡಿಕೊಟ್ಟ ಕ್ಯಾಸೆಟ್ಟಿನಿಂದ. ಒಂದು ಮಗ್ಗುಲಲ್ಲಿ ಬೀಟಲ್ಸ್, ಇನ್ನೊಂದರಲ್ಲಿ ಲೆಡ್ ಜೆಪ್ಪೆಲಿನ್. ಹಾಡುಗಳ ಹೆಸರನ್ನು ಪೆನ್ಸಿಲಿನಲ್ಲಿ ಬರೆದಿದ್ದ, ಅದರಲ್ಲಿ ಅರ್ಧ ತಪ್ಪು. ಒಂದೇ ಕ್ಯಾಸೆಟ್ಟಿನಲ್ಲಿ ಇದ್ದಾರೆಂಬ ಕಾರಣಕ್ಕೆ ಬಹುಕಾಲ ಅವರಿಬ್ಬರೂ ಓರಗೆಯವರೆಂದು ನಂಬಿದ್ದೆ. ಬೀಟಲ್ಸ್‌ಗಿಂತ ಮೊದಲೇ ಹಾಡುತ್ತಿದ್ದ ಅಮೆರಿಕದ ಚಕ್ ಬೆರಿ ಯಾರೆಂದು ಕೇಳಿದ್ದರೆ, ಬೀಟಲ್ಸ್ ಹಾಡನ್ನು ಹಾಡಿದ ಯಾರೋ ಎನ್ನುತ್ತಿದ್ದೆ.

ಹೀಗಿರುವಾಗ ಸಿಕ್ಕಿದ್ದು 'ಪಾಪ್ ಕ್ರಾನಿಕಲ್ಸ್'. ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಪಕ್ಕದ ಪಸಡೀನಾದ ಕೆಆರ್‌ಎಲ್‌ಎ ರೇಡಿಯೊ ಕೇಂದ್ರಕ್ಕಾಗಿ ಜಾನ್ ಗಿಲಿಲ್ಯಾಂಡ್ ತಯಾರಿಸಿದ, ರಾಕ್ ಮತ್ತು ಪಾಪ್ ಸಂಗೀತದ ಚರಿತ್ರೆ ಹೇಳುವ ಸರಣಿ. ಶುರುವಾದದ್ದು 1969ರ ಫೆಬ್ರವರಿ 9ರಂದು. ಒಂದೊಂದು ಗಂಟೆಯ 55 ಕಂತುಗಳು. ಟೇಪುಗಳು ಈಗ ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯದ ಸಂಗೀತ ಗ್ರಂಥಾಲಯದಲ್ಲಿವೆ. ಅಂತರಜಾಲದಲ್ಲಿ ಯಾರು ಬೇಕಾದರೂ ಕೇಳಬಹುದು.

ದಿನಕ್ಕೆ ಐದು ಕಂತು ಎಂದು ಲೆಕ್ಕ ಹಾಕಿ ಕುಳಿತೆ. ಮೊದಲ ದಿನ ಮುಗಿದರೂ ರಾಕ್ ಅಂಡ್ ರೋಲ್‌ನ ರಾಜನೆನಿಸಿದ ಎಲ್ವಿಸ್ ಪ್ರೀಸ್ಲಿಯ ಸುಳಿವಿಲ್ಲ! ಐವತ್ತರ ದಶಕದ ಆರಂಭದ ಮಂದ ಪ್ರೇಮಗೀತೆಗಳು, ಕಪ್ಪು ಜನರ ರಿದಮ್ ಅಂಡ್ ಬ್ಲೂಸ್, ಆಮೇಲೆ ಇನ್ನೇನೇನೋ. ಬೇಸರದಿಂದ ಮುಂದೆ ಓಡಿಸಲು ಬೆರಳು ತುಡಿಯಿತು, ಆದರೆ ರಾಮನಗರದಿಂದ ಚನ್ನಪಟ್ಟಣದವರೆಗೆ ನೆಟ್‌ವರ್ಕ್ ಕೈಕೊಟ್ಟಿದ್ದರಿಂದ ಇಳಿಸಿಕೊಂಡಿದ್ದನ್ನೇ ಕೇಳಬೇಕಾಯಿತು. ಎಲ್ವಿಸ್ ಬಂದದ್ದು 7ನೇ ಕಂತಿನಲ್ಲಿ, ಮರುದಿನ ಬೆಳಿಗ್ಗೆ ರೈಲು ಮದ್ದೂರು ದಾಟುವಾಗ. ಅಷ್ಟು ಹೊತ್ತಿಗೆ ಅವನು ಎಲ್ಲಿಂದ ಏನನ್ನು ಎತ್ತಿಕೊಂಡಿದ್ದಾನೆ ಎಂಬುದು ನನ್ನ ಕಿವಿಗೆ ಗೊತ್ತಿತ್ತು. ಅವನನ್ನು ಹೊಸಬನಂತೆ ಅಲ್ಲ, ಒಂದು ಮನೆತನದ ಕೊನೆಯ ಮಗನಂತೆ ಕೇಳಿದೆ. ಪುಸ್ತಕದಲ್ಲಿ ಇದನ್ನೇ ಓದಿದ್ದರೆ ತಲೆಯಾಡಿಸಿ ಪುಟ ತಿರುಗಿಸುತ್ತಿದ್ದೆ.

ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯೇ?

ಕಾಫಿತೋಟ

ನಿಮ್ಮದು ಇಯರ್‌ಫೋನಿನ ಕಾಲ. ನನ್ನದು ವಾಲ್ವ್ ಸೆಟ್ಟಿನ ಕಾಲ. ಕೊಡಗಿನ ನಮ್ಮ ಮನೆಗೆ ವಿದ್ಯುತ್ ಇನ್ನೂ ಬಂದಿರಲಿಲ್ಲ. ಜೀಪಿನ ಬ್ಯಾಟರಿ ಬಿಚ್ಚಿ ತಂದು ರೇಡಿಯೊಗೆ ಜೋಡಿಸುತ್ತಿದ್ದರು. ರೇಡಿಯೊ ಸಿಲೋನ್ ಕೇಳಲು. ಆಕಾಶವಾಣಿ 1952ರ ನಂತರ ಕೆಲವು ವರ್ಷ ಸಿನಿಮಾ ಹಾಡುಗಳಿಗೇ ಬಾಗಿಲು ಹಾಕಿತ್ತು, ಇನ್ನು ರಾಕ್ ಅಂಡ್ ರೋಲ್ ಎಲ್ಲಿಂದ ಬರಬೇಕು? ಕೊಲಂಬೊದಿಂದ ಬರುತ್ತಿತ್ತು. ಮಳೆ ಜೋರಾದರೆ ಹಾಡು ಮುಳುಗುತ್ತಿತ್ತು, ಮಳೆ ನಿಂತರೆ ಕಪ್ಪೆಗಳು ಶುರು.

ನನ್ನ ಅಣ್ಣ ಎಪ್ಪತ್ತರ ದಶಕದಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದ. ಬಿಬಿಸಿ ರೇಡಿಯೊ ಒನ್‌ನಲ್ಲಿ 1973ರಲ್ಲಿ 'ಸ್ಟೋರಿ ಆಫ್ ಪಾಪ್' ಎಂಬ 26 ಕಂತುಗಳ ಸರಣಿ ಬಂತು. ನಿರೂಪಕ ಅಲನ್ ಫ್ರೀಮನ್. ಅಣ್ಣ ಅದರಲ್ಲಿ ಒಂದಿಷ್ಟನ್ನು ಸ್ಪೂಲ್ ಟೇಪಿಗೆ ಇಳಿಸಿಕೊಂಡು ಊರಿಗೆ ತಂದ. ಬಟ್ಟೆಗಿಂತ ಟೇಪೇ ಹೆಚ್ಚು ತೂಗುತ್ತಿತ್ತು ಎಂದು ಅಮ್ಮ ಬೈದರು. ಊರಿನ ಹುಡುಗರೆಲ್ಲ ಕಣದಲ್ಲಿ ಕಾಫಿ ಬೀಜ ಹರಡಿಕೊಂಡು ಅದನ್ನೇ ಕೇಳಿದೆವು. ನನಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ. ಮಾತು ಅರ್ಥವಾಗದಿದ್ದರೂ ಮಾತಿನ ನಂತರ ಬರುವ ಹಾಡು ಆ ಮಾತಿನ ಅರ್ಥ ಹೇಳುತ್ತಿತ್ತು.

ತುಂಗಾತೀರ

ಕ್ಷಮಿಸಿ, ರಸಭಂಗ ಮಾಡುತ್ತಿದ್ದೇನೆ. ಅಮೆರಿಕದ ರೇಡಿಯೊ ಕೇಂದ್ರವೊಂದು ಅಮೆರಿಕದ ಹಾಡುಗಳ ಬಗ್ಗೆ ಅಮೆರಿಕದವರಿಗೆ ಹೇಳಿದ್ದನ್ನು ಮದ್ದೂರಿನಲ್ಲಿ ಕೇಳಿ ಪುಳಕಗೊಳ್ಳುವುದು ಏಕೆ? ಇದೇ ಶ್ರದ್ಧೆಯಲ್ಲಿ ನಮ್ಮ ಲಾವಣಿ, ತತ್ವಪದಗಳ ಧ್ವನಿಮುದ್ರಣ ಚರಿತ್ರೆಯನ್ನು ಯಾರಾದರೂ 55 ಗಂಟೆ ಕೇಳಿದ್ದೀರಾ?

ರೈಲುಕಿವಿ

55 ಗಂಟೆಯ ಅಂಥದ್ದೊಂದನ್ನು ಯಾರಾದರೂ ಮಾಡಿಟ್ಟಿದ್ದರೆ ನಾಳೆಯೇ ಕೇಳುತ್ತೇನೆ, ರೈಲು ಹೇಗೂ ಇದೆ. ಇಲ್ಲದಿರುವುದು ನನ್ನ ತಪ್ಪಲ್ಲ.

ಕತ್ತರಿಟೇಪು

ತುಂಗಾತೀರ ಅವರ ಪ್ರಶ್ನೆಯನ್ನು ತಳ್ಳಿಹಾಕಬೇಡಿ, ನ್ಯಾಯವಾದ ಪ್ರಶ್ನೆ. ಆಮೇಲೆ ಬರುತ್ತೇನೆ. ಮೊದಲು ಒಂದು ಪದದ ತಕರಾರು. ಇಲ್ಲಿ ಕೆಲವರು 'ರೇಡಿಯೊ ಸಾಕ್ಷ್ಯಚಿತ್ರ' ಎಂದು ಬರೆಯುತ್ತಾರೆ. ಸಾಕ್ಷ್ಯ ಸರಿ, ಚಿತ್ರ ಎಲ್ಲಿದೆ? ಬಾನುಲಿಯವರು ಇದನ್ನು 'ರೂಪಕ' ಎನ್ನುತ್ತಿದ್ದರು. ನಾನು ಇಪ್ಪತ್ತೆಂಟು ವರ್ಷ ಧ್ವನಿ ವಿಭಾಗದಲ್ಲಿ ಕೆಲಸ ಮಾಡಿದವನು, ರೂಪಕಗಳನ್ನು ಕತ್ತರಿಸಿ ಅಂಟಿಸಿ ಬೆರಳ ತುದಿ ಸವೆದಿದೆ.

ಅಕ್ಷರಶಃ ಕತ್ತರಿಸುವುದು. ಕಾಲಿಂಚು ಅಗಲದ ಟೇಪು ಸೆಕೆಂಡಿಗೆ 15 ಅಥವಾ ಏಳೂವರೆ ಇಂಚು ಓಡುತ್ತದೆ. ಮಾತನಾಡುವವರು ನಡುವೆ ಒಂದು ಉಸಿರು ಜೋರಾಗಿ ಎಳೆದುಕೊಂಡರೆ, 15ರ ವೇಗದಲ್ಲಿ ಆ ಉಸಿರು ನಾಲ್ಕೈದು ಇಂಚು ಉದ್ದ. ಸುರುಳಿಯನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ, ಸದ್ದು ಶುರುವಾಗುವ ಜಾಗಕ್ಕೆ ಹಳದಿ ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಓರೆಯಾಗಿ ಬ್ಲೇಡಿನಿಂದ ಕೊಯ್ದು ಅಂಟಿಸುವುದು. ಓರೆಯಾಗಿ ಏಕೆಂದರೆ ನೇರವಾಗಿ ಕೊಯ್ದರೆ ಆ ಜಾಗದಲ್ಲಿ ಟಕ್ ಎಂದು ಸದ್ದು ಕೇಳುತ್ತದೆ. 55 ಗಂಟೆಯ ಸರಣಿಯೊಂದರಲ್ಲಿ ಅಂಥ ಗಾಯಗಳು ಎಷ್ಟು ಸಾವಿರ ಇರಬಹುದೆಂದು ಯೋಚಿಸಿದರೆ ನನ್ನ ಬೆರಳು ಈಗಲೂ ಉರಿಯುತ್ತದೆ.

ಒಂದು ತಮಾಷೆ ಗಮನಿಸಿದ್ದೀರಾ? ಕೆಆರ್‌ಎಲ್‌ಎ ಸರಣಿ ಶುರುವಾದ ಅದೇ ಫೆಬ್ರವರಿಯಲ್ಲಿ, ಎರಡೇ ವಾರದ ಅಂತರದಲ್ಲಿ, ಅದೇ ಲಾಸ್ ಏಂಜಲೀಸಿನ ಪ್ರತಿಸ್ಪರ್ಧಿ ಕೆಎಚ್‌ಜೆ ಕೇಂದ್ರ 'ಹಿಸ್ಟರಿ ಆಫ್ ರಾಕ್ ಅಂಡ್ ರೋಲ್' ಎಂಬುದನ್ನು ಹರಿಯಬಿಟ್ಟಿತು. 48 ಗಂಟೆ. ಕಂತುಕಂತಾಗಿ ಅಲ್ಲ, ಒಂದೇ ವಾರಾಂತ್ಯದಲ್ಲಿ ನಿಲ್ಲಿಸದೆ! ಬರೆದವರು ಲಾಸ್ ಏಂಜಲೀಸ್ ಟೈಮ್ಸ್‌ನ ಸಂಗೀತ ವಿಮರ್ಶಕ ಪೀಟ್ ಜಾನ್ಸನ್, ಕಟ್ಟಿದವರು ರಾನ್ ಜೇಕಬ್ಸ್, ದನಿ ರಾಬರ್ಟ್ ಡಬ್ಲ್ಯು. ಮಾರ್ಗನ್. ಒಂದೇ ಊರಿನ ಎರಡು ಅಂಗಡಿಗಳು ಒಂದೇ ತಿಂಗಳಲ್ಲಿ ಒಂದೇ ಸರಕು ಇಟ್ಟವು. ರಾಕ್ ಹುಟ್ಟಿ ಆಗ ಹದಿನೈದು ವರ್ಷವೂ ಸರಿಯಾಗಿ ಆಗಿರಲಿಲ್ಲ, ಅಷ್ಟರಲ್ಲೇ ಅದಕ್ಕೆ ಚರಿತ್ರೆ ಬೇಕಾಗಿತ್ತು.

ಎರಡನೇ ಸಾಲು

48 ಗಂಟೆ ನಿಲ್ಲಿಸದೆ! ಹರಿಕಥೆಯವರೂ ಮಂಗಳ ಹಾಡಿ ಮನೆಗೆ ಕಳಿಸುತ್ತಾರೆ.

ಕತ್ತರಿಟೇಪು

ಅಹೋರಾತ್ರಿ ಭಜನೆ ಎಂದುಕೊಳ್ಳಿ. ಅದನ್ನು 1978ರಲ್ಲಿ 52 ಗಂಟೆಗೆ ಬೆಳೆಸಿ ಹೊಸದಾಗಿ ಮಾಡಿದರು. ಅದರ ಕೊನೆಯಲ್ಲಿ ಜನಪ್ರಿಯ ಹಾಡುಗಳ ಪಟ್ಟಿಯ ಒಂದನೇ ಸ್ಥಾನಕ್ಕೇರಿದ ಹಾಡುಗಳ ತುಣುಕುಗಳನ್ನು ವರ್ಷಗಳ ಕ್ರಮದಲ್ಲಿ ಮುತ್ತಿನ ಸರದಂತೆ ಪೋಣಿಸಿದ ಭಾಗವೊಂದಿದೆ. ಒಂದು ತುಣುಕಿನ ಶ್ರುತಿ ಮುಂದಿನದರ ಶ್ರುತಿಗೆ ತಾಗುವಂತೆ, ಒಂದರ ಪೆಟ್ಟು ಇನ್ನೊಂದರ ಪೆಟ್ಟಿಗೆ ಕೂಡುವಂತೆ. ಕಂಪ್ಯೂಟರ್ ಇಲ್ಲ, ಬ್ಲೇಡು ಮಾತ್ರ. ಸಂಗೀತದ ಮೇಲೆ ಪ್ರೀತಿಯಿಲ್ಲದವರೂ ಆ ಕಸುಬನ್ನು ಕೇಳಬೇಕು.

ಎರಡನೇ ಸಾಲು

ನಾನು ಇಲ್ಲಿ ಬಹುಶಃ ಎಲ್ಲರಿಗಿಂತ ಚಿಕ್ಕವಳು. ನನಗೆ ಇದೆಲ್ಲ ಸಿಕ್ಕಿದ್ದು ಪಾಡ್‌ಕಾಸ್ಟಿನಲ್ಲಿ: ಇಂಗ್ಲೆಂಡಿನ ಆಂಡ್ರ್ಯೂ ಹಿಕಿ 2018ರಲ್ಲಿ ಶುರುಮಾಡಿದ '500 ಹಾಡುಗಳಲ್ಲಿ ರಾಕ್ ಸಂಗೀತದ ಚರಿತ್ರೆ'. ಒಬ್ಬನೇ ಮನುಷ್ಯ, ಒಂದು ಮೈಕು. ಮೊದಲ ಕಂತು ಬೆನ್ನಿ ಗುಡ್‌ಮನ್ ತಂಡದ ಜಾಜ್ ಹಾಡಿನ ಬಗ್ಗೆ! ರೈಲುಕಿವಿ ಅವರು ಎಲ್ವಿಸ್‌ಗಾಗಿ ಏಳು ಗಂಟೆ ಕಾದರೆ ನಾನು ತಿಂಗಳುಗಟ್ಟಲೆ ಕಾದೆ.

ಹಳೆಯ ರೂಪಕಗಳ ಬಗ್ಗೆ ನನ್ನದೊಂದು ಗುಮಾನಿ ಇದೆ. ರೇಡಿಯೊದವರೇ ರಾಕ್ ಚರಿತ್ರೆ ಹೇಳಿದರೆ ನಾಯಕ ಯಾರಾಗುತ್ತಾನೆ? ರೇಡಿಯೊದವನೇ.

ಕಾಫಿತೋಟ

ಅದು ನಿಜವೇ ಅಲ್ಲವೇ? ರಾಕ್ ಅಂಡ್ ರೋಲ್ ಎಂದು ಹೆಸರಿಟ್ಟವನೇ ರೇಡಿಯೊದ ಅಲನ್ ಫ್ರೀಡ್ ಎಂದು ಎಷ್ಟೋ ಕಡೆ ಕೇಳಿದ್ದೇನೆ.

ಎರಡನೇ ಸಾಲು

ಇಲ್ಲ, ಅಜ್ಜ. ಹಾಗೆ ಕರೆಯಬಹುದು ತಾನೆ? ಆ ಎರಡು ಪದಗಳೂ ಕಪ್ಪು ಜನರ ಹಾಡುಗಳಲ್ಲಿ ಮೊದಲಿನಿಂದಲೂ ಇದ್ದವು. ಟ್ರಿಕ್ಸಿ ಸ್ಮಿತ್ ಎಂಬ ಬ್ಲೂಸ್ ಗಾಯಕಿ 1922ರಲ್ಲೇ ಎರಡನ್ನೂ ಒಂದೇ ಸಾಲಿನಲ್ಲಿ ಹಾಡಿದ್ದಾಳೆ, ಅರ್ಥ ಮಾತ್ರ ಮಲಗುವ ಕೋಣೆಗೆ ಸೇರಿದ್ದು. ಫ್ರೀಡ್ ಮಾಡಿದ್ದು ಆ ಪದವನ್ನು ಬಿಳಿಯ ಹುಡುಗರ ಬಾಯಿಗೆ ತಂದದ್ದು. ಅದೇನೂ ಸಣ್ಣ ಕೆಲಸವಲ್ಲ. 1951ರಿಂದ ಕ್ಲೀವ್‌ಲ್ಯಾಂಡಿನಲ್ಲಿ ರಾತ್ರಿ ಹೊತ್ತು ಕಪ್ಪು ಕಲಾವಿದರ ರೆಕಾರ್ಡುಗಳನ್ನು ಹಾಕಿದ. 1952ರ ಮಾರ್ಚ್ 21ರಂದು ಅಲ್ಲಿನ ಅರೀನಾದಲ್ಲಿ ಅವನು ಏರ್ಪಡಿಸಿದ ನೃತ್ಯಕೂಟಕ್ಕೆ ಒಳಗೆ ಹಿಡಿಯುವಷ್ಟರ ಸುಮಾರು ಎರಡರಷ್ಟು ಜನ ನುಗ್ಗಿ, ಪೊಲೀಸರು ನಿಲ್ಲಿಸಬೇಕಾಯಿತು.

ಆದರೆ ಇನ್ನೊಂದು ಮುಖ ನೋಡಿ. ಚಕ್ ಬೆರಿಯ ಮೊದಲ ಯಶಸ್ವಿ ಹಾಡು 'ಮೇಬೆಲೀನ್', 1955. ಅದರ ರಚನೆಕಾರರ ಪಟ್ಟಿಯಲ್ಲಿ ಅಲನ್ ಫ್ರೀಡ್ ಹೆಸರೂ ಇತ್ತು. ಫ್ರೀಡ್ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಹೆಸರು ಹಾಕಿದರೆ ರೇಡಿಯೊದಲ್ಲಿ ಹಾಡು ಹೆಚ್ಚು ಬಾರಿ ಬರುತ್ತದೆ, ಅಷ್ಟೇ. ಬೆರಿ ಪೂರ್ಣ ಹಕ್ಕು ಮರಳಿ ಪಡೆಯುವ ಹೊತ್ತಿಗೆ 1986 ಆಗಿತ್ತು. ಹಾಡು ಹಾಕಲು ಹಣ ತೆಗೆದುಕೊಳ್ಳುವ ಪೇಯೋಲಾ ಹಗರಣದಲ್ಲಿ ಫ್ರೀಡ್ 1959ರಲ್ಲಿ ಕೆಲಸ ಕಳೆದುಕೊಂಡ, 1962ರಲ್ಲಿ ತಪ್ಪೊಪ್ಪಿಕೊಂಡ, 1965ರಲ್ಲಿ 43ನೇ ವಯಸ್ಸಿಗೆ ತೀರಿಕೊಂಡ. ಅವನ ಕತೆಯನ್ನು ಅವನ ವೃತ್ತಿಬಾಂಧವರು ಹೇಳುವಾಗ ಎಲ್ಲಿ ತಗ್ಗುತ್ತಾರೆ, ಎಲ್ಲಿ ಏರುತ್ತಾರೆ ಎಂದು ಕಿವಿಗೊಟ್ಟು ಕೇಳಬೇಕು.

ಹೆಂಗಸರ ವಿಷಯವಂತೂ ಕೇಳಲೇಬೇಡಿ. ಸಿಸ್ಟರ್ ರೊಸೆಟ್ಟಾ ಥಾರ್ಪ್ ದೇವರ ಹಾಡುಗಳನ್ನು ವಿದ್ಯುತ್ ಗಿಟಾರಿನಲ್ಲಿ ನುಡಿಸಿದ್ದು ನಲವತ್ತರ ದಶಕದಲ್ಲಿ. 'ಹೌಂಡ್ ಡಾಗ್' ಅನ್ನು ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲಿ ಧ್ವನಿಮುದ್ರಿಸಿದಳು, ಎಲ್ವಿಸ್ ಹಾಡಿದ್ದು 1956ರಲ್ಲಿ. ನನ್ನ ಅಪ್ಪನಿಗೆ ಎರಡನ್ನೂ ಒಂದರ ಹಿಂದೆ ಒಂದು ಕೇಳಿಸಿದೆ. ಮೊದಲನೆಯದನ್ನು ಕೇಳಿ, ಇದು ಗಂಡನನ್ನು ಹೊಸಿಲಿನಾಚೆ ಹಾಕುತ್ತಿರುವ ಹೆಂಗಸು ಎಂದರು. ಎರಡನೆಯದನ್ನು ಕೇಳಿ, ಇದು ನಿಜವಾಗಿಯೂ ನಾಯಿಯ ಬಗ್ಗೆ ಎಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಕಾಫಿತೋಟ

ಅಜ್ಜ ಎನ್ನಬಹುದು. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ.

ಬೀದರ ಬಿಸಿಲು

ಇಷ್ಟು ದಿನ ಓದುತ್ತ ಸುಮ್ಮನಿದ್ದೆ. ತುಂಗಾತೀರ ಅವರು ಏಕೆ ಪುಳಕ ಎಂದು ಕೇಳಿದ್ದಕ್ಕೆ ನನ್ನದೊಂದು ಉತ್ತರ.

1954ರ ಜುಲೈ, ಮೆಂಫಿಸ್. ಸನ್ ಸ್ಟುಡಿಯೊದಲ್ಲಿ ಎಲ್ವಿಸ್ ತನ್ನ ಮೊದಲ ಹಾಡನ್ನು ಮುದ್ರಿಸಿ ಕೆಲವೇ ದಿನ. ಅಲ್ಲಿನ ಡಬ್ಲ್ಯುಎಚ್‌ಬಿಕ್ಯು ಕೇಂದ್ರದಲ್ಲಿ ಡ್ಯೂಯಿ ಫಿಲಿಪ್ಸ್ ಎಂಬ ನಿರೂಪಕ ಆ ರೆಕಾರ್ಡನ್ನು ಒಂದೇ ರಾತ್ರಿ ಮತ್ತೆ ಮತ್ತೆ ಹಾಕಿದ. ಕೇಳುಗರು ಫೋನ್ ಮೇಲೆ ಫೋನ್ ಮಾಡಿದರು. ನಾಚಿಕೆಯಿಂದ ಸಿನಿಮಾ ಮಂದಿರದಲ್ಲಿ ಅಡಗಿ ಕುಳಿತಿದ್ದ ಹುಡುಗನನ್ನು ತಂದೆತಾಯಿ ಹುಡುಕಿ ಕರೆತಂದರು. ಸಂದರ್ಶನದಲ್ಲಿ ಫಿಲಿಪ್ಸ್ ಕೇಳಿದ ಮುಖ್ಯ ಪ್ರಶ್ನೆ: ನೀನು ಯಾವ ಶಾಲೆಯಲ್ಲಿ ಓದಿದೆ? ಎಲ್ವಿಸ್ ಹೇಳಿದ: ಹ್ಯೂಮ್ಸ್ ಹೈಸ್ಕೂಲು.

ಈ ಪ್ರಶ್ನೆ ಏಕೆ? ಆಗ ಅಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಶಾಲೆ. ಹಾಡು ಕೇಳಿದವರಲ್ಲಿ ಬಹಳ ಮಂದಿ ಹುಡುಗ ಕಪ್ಪಿನವನು ಎಂದುಕೊಂಡಿದ್ದರು. ಬಣ್ಣವನ್ನು ನೇರವಾಗಿ ಕೇಳುವಂತಿಲ್ಲ, ಶಾಲೆ ಕೇಳಿದರೆ ಸಾಕು, ಊರಿಗೆಲ್ಲ ಗೊತ್ತಾಗುತ್ತದೆ.

ಇದನ್ನು ರೇಡಿಯೊ ಕಾರ್ಯಕ್ರಮವೊಂದರಲ್ಲಿ ಕೇಳಿದಾಗ ನಾನು ಬಸ್ಸಿನಲ್ಲಿದ್ದೆ. ಮೈ ಜುಮ್ಮೆಂದಿತು. ನನ್ನ ಮೊದಲ ಬಾಡಿಗೆ ಮನೆಯ ಯಜಮಾನರು ನನ್ನನ್ನೂ ಹೀಗೆಯೇ ಕೇಳಿದ್ದರು: ನಿಮ್ಮದು ಯಾವ ಕಡೆ? ಊರಲ್ಲಿ ಮನೆ ಎಲ್ಲಿ ಬರುತ್ತದೆ? ಬಾವಿಯ ಹತ್ತಿರವೋ, ಕೆರೆಯ ಆಚೆಯೋ? ಮನೆ ಇರುವ ಜಾಗ ಹೇಳಿದರೆ ಉಳಿದದ್ದನ್ನು ಅವರೇ ತಿಳಿದುಕೊಳ್ಳುತ್ತಾರೆ. ಹ್ಯೂಮ್ಸ್ ಹೈಸ್ಕೂಲು ಎಂಬ ಉತ್ತರವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ತುಂಗಾತೀರ

ಬೀದರ ಬಿಸಿಲು ಅವರೇ, ನನ್ನ ಪ್ರಶ್ನೆಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಿಲ್ಲ. ಆದರೂ ಲಾವಣಿಯ ಮಾತನ್ನು ನಾನು ಬಿಡುವುದಿಲ್ಲ.

ಬೀದರ ಬಿಸಿಲು

ಬಿಡಬೇಡಿ.

ಮ್ಯಾಂಚೆಸ್ಟರ್ ಮಳೆ

ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಬಂದು ಹದಿನಾರು ವರ್ಷವಾಯಿತು. ಊರು ಸಾಗರ. ಮಳೆಯ ವಿಷಯದಲ್ಲಿ ನನಗೆ ಯಾವ ವ್ಯತ್ಯಾಸವೂ ಆಗಿಲ್ಲ. ರಾತ್ರಿ ಪಾಳಿಯ ಕೆಲಸ, ಜೊತೆಗೆ ಬಿಬಿಸಿಯ '6 ಮ್ಯೂಸಿಕ್' ರೇಡಿಯೊ ವಾಹಿನಿ. 2010ರಲ್ಲಿ ಅದನ್ನು ಮುಚ್ಚಬೇಕೆಂದು ಹೊರಟಿದ್ದರು, ಕೇಳುಗರು ಗಲಾಟೆ ಮಾಡಿ ಉಳಿಸಿಕೊಂಡರು. ಅಪರಾತ್ರಿಯಲ್ಲಿ ಹಳೆಯ ರೂಪಕಗಳನ್ನು, ಹಳೆಯ ಸ್ಟುಡಿಯೊ ಮುದ್ರಣಗಳನ್ನು ಹಾಕುತ್ತಾರೆ. ನನ್ನ ಶಿಕ್ಷಣ ಆದದ್ದು ಅಲ್ಲಿ.

ನನಗೆ ಅತ್ಯಂತ ಸೋಜಿಗವೆನಿಸಿದ್ದು ಹಾಡುಗಾರರ ಕತೆಯಲ್ಲ, ಒಂದು ಕಾರ್ಮಿಕ ಒಪ್ಪಂದದ ಕತೆ. 'ನೀಡಲ್ ಟೈಮ್', ಅಂದರೆ ಮುಳ್ಳಿನ ಸಮಯ. ಗ್ರಾಮಫೋನ್ ಮುಳ್ಳು ತಟ್ಟೆಯ ಮೇಲೆ ಎಷ್ಟು ಹೊತ್ತು ಓಡಬಹುದು ಎಂಬ ಮಿತಿ. ರೆಕಾರ್ಡುಗಳನ್ನೇ ದಿನವಿಡೀ ಹಾಕಿದರೆ ವಾದ್ಯಗಾರರ ಅನ್ನಕ್ಕೆ ಕಲ್ಲು ಬೀಳುತ್ತದೆಂದು ಸಂಗೀತಗಾರರ ಸಂಘ ಪಟ್ಟು ಹಿಡಿದಿತ್ತು, ರೆಕಾರ್ಡು ಕಂಪನಿಗಳಿಗೂ ತಮ್ಮ ಲೆಕ್ಕಾಚಾರ ಇತ್ತು. ಅರವತ್ತರ ದಶಕದ ಆರಂಭದಲ್ಲಿ ಬಿಬಿಸಿಗೆ ಸಿಗುತ್ತಿದ್ದದ್ದು ಎಲ್ಲ ವಾಹಿನಿಗಳೂ ಸೇರಿ ದಿನಕ್ಕೆ ಐದು ಗಂಟೆಯಷ್ಟು. ಉಳಿದ ಹೊತ್ತಿಗೆ ಕಲಾವಿದರನ್ನು ಸ್ಟುಡಿಯೊಗೆ ಕರೆಸಿ ನುಡಿಸಬೇಕು. ಬೀಟಲ್ಸ್ 1962ರ ಮಾರ್ಚ್‌ನಿಂದ 1965ರ ಜೂನ್‌ವರೆಗೆ ಬಿಬಿಸಿ ರೇಡಿಯೊಗಾಗಿ 88 ಬೇರೆ ಬೇರೆ ಹಾಡುಗಳನ್ನು 275 ಬಾರಿ ಹಾಡಿದ್ದು ಹೀಗೆ. ಅದರಲ್ಲಿ 36 ಹಾಡುಗಳು ಅವರು ಆ ಕಾಲದಲ್ಲಿ ಹೊರತಂದ ಯಾವ ತಟ್ಟೆಯಲ್ಲೂ ಇಲ್ಲ. ಯಾರದೋ ಹೊಟ್ಟೆಪಾಡಿನ ಹಟ ಇಲ್ಲದಿದ್ದರೆ ಅವು ಇರುತ್ತಲೇ ಇರಲಿಲ್ಲ.

ಸಂಕಟದ ಸಂಗತಿ ಮುಂದಿದೆ. ಟೇಪು ದುಬಾರಿ ಎಂದು ಅಂದು ಅಳಿಸಿ ಮತ್ತೆ ಬಳಸುತ್ತಿದ್ದರು. 1994ರಲ್ಲಿ ಆ ಮುದ್ರಣಗಳ ಆಲ್ಬಮ್ ತರಲು ಹೊರಟಾಗ ಕೆಲವನ್ನು ಕೇಳುಗರು ಮನೆಯಲ್ಲಿ ರೇಡಿಯೊದಿಂದ ಇಳಿಸಿಕೊಂಡಿದ್ದ ಟೇಪುಗಳಿಂದ ತೆಗೆದುಕೊಳ್ಳಬೇಕಾಯಿತು. ಕಾಫಿತೋಟದ ಅಣ್ಣನಂಥವರಿಂದ!

ಎರಡನೇ ಸಾಲು

ಸಮುದ್ರದ ಮಧ್ಯೆ ಹಡಗಿನಿಂದ ಪ್ರಸಾರ ಮಾಡುತ್ತಿದ್ದರು ಎನ್ನುತ್ತಾರಲ್ಲ, ಅದೂ ಈ ಮುಳ್ಳಿನ ಮಿತಿಯಿಂದಲೇ ಹುಟ್ಟಿದ್ದೇ?

ಮ್ಯಾಂಚೆಸ್ಟರ್ ಮಳೆ

ಬಹುಮಟ್ಟಿಗೆ. ದಿನವಿಡೀ ಪಾಪ್ ಹಾಡು ಬೇಕೆನ್ನುವ ಹುಡುಗರಿಗೆ ಬಿಬಿಸಿಯಲ್ಲಿ ಜಾಗವಿರಲಿಲ್ಲ. 1964ರ ಈಸ್ಟರ್ ಹೊತ್ತಿಗೆ ರೇಡಿಯೊ ಕ್ಯಾರೊಲೈನ್ ಪೂರ್ವ ಕರಾವಳಿಯಾಚೆ ಲಂಗರು ಹಾಕಿತು, ಕಾನೂನಿನ ಕೈಗೆ ಎಟುಕದಷ್ಟು ದೂರದಲ್ಲಿ. 1967ರ ಆಗಸ್ಟ್ ಮಧ್ಯದಲ್ಲಿ ಕಾನೂನು ತಂದು ಅವುಗಳ ಕತ್ತು ಹಿಸುಕಿದರು; ಸೆಪ್ಟೆಂಬರ್ 30ರಂದು ಬಿಬಿಸಿಯೇ ರೇಡಿಯೊ ಒನ್ ತೆರೆದು ಹಡಗಿನವರನ್ನೇ ಕೆಲಸಕ್ಕೆ ಇಟ್ಟುಕೊಂಡಿತು. ಕಳ್ಳನಿಗೆ ಕಾವಲು ಕೊಟ್ಟ ಹಾಗೆ. ನಿರೂಪಕ ಜಾನ್ ಪೀಲ್ ಬಂದದ್ದು ಹಾಗೆಯೇ, 2004ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ.

ಬೀದರ ಬಿಸಿಲು

ಜಾನ್ ಪೀಲ್! ಬಿಬಿಸಿ ವರ್ಲ್ಡ್ ಸರ್ವಿಸ್‌ನಲ್ಲಿ ಶಾರ್ಟ್‌ವೇವ್‌ನಲ್ಲಿ ಕೇಳುತ್ತಿದ್ದೆ. ಅವನ ಮಾತು ನಿಧಾನ, ಬೇಸರ ಬಂದವನ ಹಾಗೆ. ಒಮ್ಮೊಮ್ಮೆ ತಟ್ಟೆಯನ್ನು ತಪ್ಪು ವೇಗದಲ್ಲಿ ಹಾಕಿ ಕ್ಷಮೆ ಕೇಳುತ್ತಿದ್ದ. ಅಲೆ ಏರಿ ಇಳಿದು ಹಾಡು ಕಳೆದುಹೋಗುತ್ತಿತ್ತು, ಬ್ಯಾಂಡಿನ ಹೆಸರು ಹೇಳುವಾಗಲೇ ಖಚಿತವಾಗಿ ಗೊರಗೊರ ಸದ್ದು. ಎಷ್ಟೋ ಹಾಡುಗಳ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ಕತ್ತರಿಟೇಪು

ಅದಕ್ಕೆ ನಾವು ಮುಗಿಲನ್ನು ಬೈಯುತ್ತಿದ್ದೆವು. ರಾತ್ರಿಯಾದ ಮೇಲೆ ಮೇಲಿನ ವಾಯುಪದರಕ್ಕೆ ತಾಗಿ ಮಧ್ಯಮ ಅಲೆಗಳೂ ನೂರಾರು ಮೈಲಿ ಆಚೆ ಇಳಿಯುತ್ತವೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಡಬ್ಲ್ಯುಎಲ್‌ಎಸಿ ಎಂಬ 50,000 ವಾಟ್‌ಗಳ ಕೇಂದ್ರ ರಾತ್ರಿ ಹೊತ್ತು ರಿದಮ್ ಅಂಡ್ ಬ್ಲೂಸ್ ಹಾಕುತ್ತಿತ್ತು. ಅಂಥ ದಕ್ಷಿಣದ ಕೇಂದ್ರಗಳು ಜಮೈಕಾದಲ್ಲೂ ಕೇಳುತ್ತಿದ್ದವು. ಅಲ್ಲಿನ ಹುಡುಗರು ಆ ಹಾಡುಗಳನ್ನು ತಮ್ಮ ಲಯಕ್ಕೆ ಬಗ್ಗಿಸಿಕೊಂಡದ್ದೇ ಸ್ಕಾ, ಅದರಿಂದ ರೆಗೆ. ಕೊಲಂಬೊದಿಂದ ಕೊಡಗಿಗೆ ಬಂದದ್ದೂ ಇದೇ ದಾರಿ.

ಈಗ ತುಂಗಾತೀರ ಅವರಿಗೆ ನನ್ನ ಬಾಕಿ. ನಿಮಗೆ 'ಬಿದ್ದು' ಎಂಬ ಹೆಸರಿನ ಸಂಗೀತ ನಿರ್ಮಾಪಕರು ಗೊತ್ತೇ? ಬೆಂಗಳೂರಿನಲ್ಲಿ ಹುಟ್ಟಿದ ಕೊಡವ ಮನೆತನದವರು. ಬಾಲ್ಯದಲ್ಲಿ ರೇಡಿಯೊ ಸಿಲೋನ್‌ನಲ್ಲಿ ಪಾಶ್ಚಾತ್ಯ ಹಾಡು ಕೇಳಿ, ಟ್ರೋಜನ್ಸ್ ಎಂಬ ತಂಡ ಕಟ್ಟಿ, 1967ರಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಅವರು ನಿರ್ಮಿಸಿ ಕಾರ್ಲ್ ಡಗ್ಲಸ್ ಹಾಡಿದ 'ಕುಂಗ್ ಫೂ ಫೈಟಿಂಗ್' ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಒಂದನೇ ಸ್ಥಾನಕ್ಕೇರಿತು. ಡಗ್ಲಸ್ ಹುಟ್ಟಿದ್ದು ಜಮೈಕಾದಲ್ಲಿ. ಒಬ್ಬ ಜಮೈಕಾದವನು, ಒಬ್ಬ ಕೊಡಗಿನವನು.

ಕಾಫಿತೋಟ

ಬಿದ್ದು ಅವರ ಹಾಡು ಬಂದಾಗ ನಮ್ಮಲ್ಲಿ ಎಷ್ಟೋ ಮನೆಗಳವರು ನೆಂಟರು ಎಂದು ಹೇಳಿಕೊಂಡರು. ನಾವೂ ಹೇಳಿಕೊಂಡೆವು. ಸುಳ್ಳು.

ತುಂಗಾತೀರ

ಸೋತೆ. ಆದರೆ ಒಂದು ವ್ಯಾವಹಾರಿಕ ಪ್ರಶ್ನೆ. ಹಳೆಯ ಸರಣಿಗಳು ಇಷ್ಟು ಚೆನ್ನಾಗಿದ್ದರೆ ಈಗೇಕೆ ಯಾರೂ ಮಾಡುವುದಿಲ್ಲ? ಮಾಡಿದವೂ ಏಕೆ ಅಂಗಡಿಯಲ್ಲಿ ಸಿಗುವುದಿಲ್ಲ?

ಎರಡನೇ ಸಾಲು

ಹಾಡಿನ ಹಕ್ಕು. ರೇಡಿಯೊ ಕೇಂದ್ರ ಹಕ್ಕುದಾರರ ಸಂಘಗಳಿಗೆ ಒಟ್ಟಾರೆ ಶುಲ್ಕ ಕಟ್ಟಿ ಯಾವ ಹಾಡನ್ನಾದರೂ ಪ್ರಸಾರ ಮಾಡಬಹುದು. ಆದರೆ ಅದೇ ಕಾರ್ಯಕ್ರಮವನ್ನು ತಟ್ಟೆಯಾಗಿ ಮಾರಲು, ಅಂತರಜಾಲದಲ್ಲಿ ಇಳಿಸಿಕೊಳ್ಳಲು ಕೊಡಬೇಕೆಂದರೆ ಪ್ರತಿ ಹಾಡಿಗೂ ಬೇರೆ ಅನುಮತಿ ಬೇಕು, ಬರೆದವರಿಂದ ಒಂದು, ಮುದ್ರಿಸಿದ ಕಂಪನಿಯಿಂದ ಇನ್ನೊಂದು. ನೂರಾರು ಹಾಡುಗಳ ಸರಣಿಗೆ ಯಾರು ಅಲೆಯುತ್ತಾರೆ? ಅದಕ್ಕೇ ಪಾಡ್‌ಕಾಸ್ಟಿನವರು ಹಾಡಿನ ಚಿಕ್ಕ ತುಣುಕನ್ನಷ್ಟೇ ಹಾಕಿ, ಪೂರ್ತಿ ಹಾಡುಗಳ ಪಟ್ಟಿಯನ್ನು ಬೇರೆ ಕಡೆ ಇಡುತ್ತಾರೆ.

ರೈಲುಕಿವಿ

ಇಲ್ಲೇ ನನಗೆ ಹಳೆಯದು ಹೆಚ್ಚು ಇಷ್ಟವಾಗುವುದು. ತುಣುಕು ಕೇಳಿದರೆ ವಾದ ಅರ್ಥವಾಗುತ್ತದೆ, ಆದರೆ ಹಾಡು ಪೂರ್ತಿ ಬಂದರೆ ಕೆಲವೊಮ್ಮೆ ನಿರೂಪಕನ ವಾದವನ್ನೇ ಅದು ಸುಳ್ಳು ಮಾಡುತ್ತದೆ. ಇದು ಕೀಳು ಮಟ್ಟದ ನಕಲು ಎಂದು ಅವನು ಹೇಳಿ ಮುಗಿಸುತ್ತಾನೆ, ಮುಂದಿನ ಮೂರು ನಿಮಿಷದಲ್ಲಿ ನನ್ನ ಕಾಲು ತಾನಾಗಿ ತಾಳ ಹಾಕಿರುತ್ತದೆ. ಪುಸ್ತಕ ತನ್ನ ವಿರುದ್ಧ ಸಾಕ್ಷಿಯನ್ನು ಹೀಗೆ ಕಟಕಟೆಗೆ ತರುವುದಿಲ್ಲ.

ಸಾಕ್ಷಿಗಳೂ ಒಬ್ಬರಿಗೊಬ್ಬರು ಒಪ್ಪುವುದಿಲ್ಲ. 1951ರ 'ರಾಕೆಟ್ 88' ಹಾಡಿನಲ್ಲಿ ಗಿಟಾರಿನ ಸದ್ದು ಒಡೆದಂತೆ ಕೇಳುತ್ತದೆ, ಏಕೆಂದರೆ ಐಕ್ ಟರ್ನರ್ ತಂಡ ಮಿಸಿಸಿಪ್ಪಿಯಿಂದ ಮೆಂಫಿಸ್ಸಿಗೆ ಬರುವ ದಾರಿಯಲ್ಲಿ ಆಂಪ್ಲಿಫೈಯರ್ ಹಾಳಾಗಿ, ಹರಿದ ಸ್ಪೀಕರಿಗೆ ಕಾಗದ ತುರುಕಿ ನುಡಿಸಿದರು. ಕಾರಿನಿಂದ ಬಿತ್ತು ಎನ್ನುವವರು ಇದ್ದಾರೆ, ಮಳೆಯಲ್ಲಿ ನೆನೆಯಿತು ಎನ್ನುವವರು ಇದ್ದಾರೆ. ಕಾಗದ ಮಾತ್ರ ಎಲ್ಲರ ಕತೆಯಲ್ಲೂ ಇದೆ.

ಮ್ಯಾಂಚೆಸ್ಟರ್ ಮಳೆ

ಕಾಫಿತೋಟದವರೇ, ಆ ಸ್ಪೂಲುಗಳು ಈಗ ಎಲ್ಲಿವೆ? ಕೇಳಬೇಕೆಂದು ಆಗಿನಿಂದ ಕಾಯುತ್ತಿದ್ದೇನೆ.

ಕಾಫಿತೋಟ

ನಿಮ್ಮ ಮಾತು ಕೇಳಿದ ಮೇಲೆ ಅಟ್ಟ ಹತ್ತಿದೆ. ಮೊಮ್ಮಗ ಏಣಿ ಹಿಡಿದ. ಮೂರು ಸಿಕ್ಕಿವೆ. ಒಂದಕ್ಕೆ ಬೂಷ್ಟು ಹಿಡಿದಿದೆ. ಪೆಟ್ಟಿಗೆಯ ಮೇಲೆ ಅಣ್ಣನ ಕೈಬರಹ: 5, 6, 7, 9. ಎಂಟರ ಜಾಗದಲ್ಲಿ 'ಪಾಳಿ ಇತ್ತು' ಎಂದು ಬರೆದಿದ್ದಾನೆ. ಅಣ್ಣ ಹೋಗಿ ಆರು ವರ್ಷವಾಯಿತು. ಯಂತ್ರ ಕೆಟ್ಟು ಎಷ್ಟೋ ಕಾಲವಾಗಿದೆ.

ಕತ್ತರಿಟೇಪು

ದಯವಿಟ್ಟು ಯಾವ ಯಂತ್ರಕ್ಕೂ ಹಾಕಬೇಡಿ, ಸುತ್ತಿಯೂ ನೋಡಬೇಡಿ. ಬೂಷ್ಟಿನದನ್ನು ಬೇರೆ ಇಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಪುಡಿ ಒಳ್ಳೆಯದಲ್ಲ. ಉಳಿದೆರಡನ್ನು ಕಿಟಕಿಯ ಬೆಳಕಿಗೆ ಅಡ್ಡಲಾಗಿ ಹಿಡಿದು ನೋಡಿ. ಸುರುಳಿಯ ಮೂಲಕ ಬೆಳಕು ಹಾಯ್ದರೆ ಅಸಿಟೇಟ್, ಹಳೆಯ ಬಗೆಯದು, ಸುಲಭವಾಗಿ ತುಂಡಾಗುತ್ತದೆ. ಮೂಸಿಯೂ ನೋಡಿ, ವಿನೆಗರ್ ವಾಸನೆ ಬಂದರೆ ತಡ ಮಾಡುವಂತಿಲ್ಲ. ವೇಗ ಎಷ್ಟೆಂದು ಪೆಟ್ಟಿಗೆಯ ಮೇಲೆ ಇದೆಯೇ?

ಕಾಫಿತೋಟ

ಮೂರೂಮುಕ್ಕಾಲು ಎಂದಿದೆ. ಒಂದರಲ್ಲಿ ಬೆಳಕು ಹಾಯುತ್ತದೆ, ಇನ್ನೊಂದರಲ್ಲಿ ಇಲ್ಲ. ವಾಸನೆ ಏಲಕ್ಕಿಯದು, ಅಟ್ಟದಲ್ಲಿ ಅದೇ ಇಡುವುದು.

ಕತ್ತರಿಟೇಪು

ಏಲಕ್ಕಿ ಒಳ್ಳೆಯ ಸುದ್ದಿ. ಮೂರೂಮುಕ್ಕಾಲು ಇಂಚಿನ ವೇಗವಾದರೆ ಏಳಿಂಚಿನ ಸ್ಪೂಲಿನ ಒಂದು ಮಗ್ಗುಲಿಗೆ ಒಂದೂವರೆ ಗಂಟೆಯಷ್ಟು ಹಿಡಿಸುತ್ತದೆ, ಮಗ್ಗುಲು ತಿರುಗಿಸಿದರೆ ಇನ್ನೊಂದಷ್ಟು. ನಾಲ್ಕು ಕಂತಿಗೆ ಮೂರು ಸ್ಪೂಲು ಬೇಕಿಲ್ಲ, ಬೇರೇನೋ ಇದೆ ಅದರಲ್ಲಿ. ನನ್ನ ಯಂತ್ರ ಮೈಸೂರಿನ ಮನೆಯಲ್ಲಿದೆ, ಅದರ ಬೆಲ್ಟು ಬದಲಾಯಿಸಿ ಎರಡು ತಿಂಗಳಾಯಿತು, ಚೆನ್ನಾಗಿ ಓಡುತ್ತದೆ.

ಕಾಫಿತೋಟ

ಬೇರೇನು ಇರಬಹುದೆಂದು ನನಗೆ ಅನುಮಾನವಿದೆ. ಊರಿಗೆ ಬಂದಾಗ ಅಣ್ಣ ಅಮ್ಮನ ಕೈಯಲ್ಲಿ ಹಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದ. ಅವರಿಗೆ ಮದುವೆಯ ಹಾಡುಗಳು ತುಂಬ ಬರುತ್ತಿದ್ದವು.

ತುಂಗಾತೀರ

ಅದನ್ನು ಮೊದಲು ಇಳಿಸಿ. ಅಲನ್ ಫ್ರೀಮನ್ ಆಮೇಲೆ.

ಕತ್ತರಿಟೇಪು

ಯಾವುದು ಮೊದಲು ಬರುತ್ತದೋ ಅದನ್ನು ಮೊದಲು ಇಳಿಸುತ್ತೇನೆ, ಟೇಪನ್ನು ಹಾರಿಸಿ ಓಡಿಸುವುದಿಲ್ಲ. ಬಸ್ಸಿನಲ್ಲಿ ಬರುವಾಗ ಮಡಿಲಲ್ಲಿ ಇಟ್ಟುಕೊಳ್ಳಿ, ಎಂಜಿನ್ ಹತ್ತಿರದ ಸೀಟು ಬೇಡ.

ಕಾಫಿತೋಟ

ಮುಂದಿನ ಭಾನುವಾರ. ಮಳೆ ಬಿಟ್ಟರೆ.

ರೈಲುಕಿವಿ

ಬಿಡದಿದ್ದರೂ ಬನ್ನಿ. ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ನಾನು ನಿಂತಿರುತ್ತೇನೆ.